ಹೆಸರಿಲ್ಲದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಮತ್ತು ಮೂರು ವಾಲ್ವಿನ ಆಂಪ್ಲಿಫೈಯರ್: ಬಿಚ್ಚುವ ಮೊದಲು ಸಲಹೆ ಬೇಕು

ಹಳೇತಂತಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಹೆಚ್ಚು ಹೆಸರಾಗದ ಹಳೆಯ ಎಲೆಕ್ಟ್ರಿಕ್ ಗಿಟಾರುಗಳನ್ನು ಕೂಡಿಹಾಕುವ ಹವ್ಯಾಸ ನನಗೆ ಆರೇಳು ವರ್ಷಗಳಿಂದ ಇದೆ. ಫೆಂಡರ್, ಗಿಬ್ಸನ್ ಕಂಪನಿಗಳ ಹಳೆಯ ವಾದ್ಯಗಳನ್ನು ಕೊಳ್ಳುವ ಶಕ್ತಿ ನನಗಿಲ್ಲ. ಇದ್ದಿದ್ದರೂ ಮನಸ್ಸು ಅತ್ತ ಹೋಗುತ್ತಿರಲಿಲ್ಲ, ಏಕೆಂದರೆ ಅವುಗಳ ಒಂದೊಂದು ಸ್ಕ್ರೂವಿನ ಚರಿತ್ರೆಯನ್ನೂ ಬರೆದಿಟ್ಟವರಿದ್ದಾರೆ. ನಮ್ಮ ಕಡೆಯ ಆರ್ಕೆಸ್ಟ್ರಾ ಮೇಳಗಳಲ್ಲಿ, ಚರ್ಚಿನ ಗಾಯನ ತಂಡಗಳಲ್ಲಿ, ನಾಟಕ ಕಂಪನಿಗಳ ರಂಗದ ಪಕ್ಕದಲ್ಲಿ ಬಾರಿಸಿ ಸವೆದು, ಕೊನೆಗೆ ಅಟ್ಟ ಸೇರಿದ ಗಿಟಾರುಗಳ ಬಗ್ಗೆ ಮಾತ್ರ ಯಾರೂ ಏನನ್ನೂ ಬರೆದಿಟ್ಟಿಲ್ಲ. ನನಗೆ ಬೇಕಾದದ್ದು ಅವೇ.

ಕಳೆದ ತಿಂಗಳು ಶಹಾಪುರದ ಒಬ್ಬ ಹಿರಿಯರ ಮನೆಯಿಂದ ಅಂಥದೊಂದು ಗಿಟಾರನ್ನೂ ಅದರ ಆಂಪ್ಲಿಫೈಯರನ್ನೂ ತಂದೆ. ಅವರು ತಮ್ಮ ಹರೆಯದಲ್ಲಿ ಮದುವೆ ಮತ್ತು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದರು. 1972ರಲ್ಲಿ ಮುಂಬೈಯಲ್ಲಿ, ಮತ್ತೊಬ್ಬ ವಾದಕನಿಂದ ಕೊಂಡದ್ದು ಎಂದಷ್ಟೇ ಅವರಿಗೆ ನೆನಪಿದೆ. ಹಣ ಎಣಿಸಿಕೊಳ್ಳದೆ ಜೇಬಿಗೆ ಹಾಕಿಕೊಂಡು, "ತಗೊಂಡ ಹೋಗಪಾ, ಆದ್ರ ಮಾಳಗಿ ಮ್ಯಾಲ ಇಟ್ಟು ಗೆದ್ದಲಕ್ಕ ಹಾಕಬ್ಯಾಡ" ಎಂದರು. ಆ ಮಾತಿನಿಂದಾಗಿಯೇ ಅವಸರಪಟ್ಟು ಏನನ್ನೂ ಮಾಡದೆ ಇಲ್ಲಿ ಕೇಳುತ್ತಿದ್ದೇನೆ.

ಗಿಟಾರಿನ ಮೈ ಅಂಚಿನಲ್ಲಿ ಕಪ್ಪು, ನಡುವೆ ಕೆಂಪು. ತಂತಿಗಳ ಕೆಳಗೆ ಗೀರುಗೀರಾದ ಲೋಹದ ತಗಡು ಇದೆ. ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ಲಾಗಿ ಬದಲಿಸುವ ಎರಡು ಪಿಕಪ್‌ಗಳಿದ್ದು, ಅವುಗಳ ಮುಚ್ಚಳದ ಕಿಂಡಿಗಳೊಳಗಿನಿಂದ ಬಂಗಾರ ಬಣ್ಣದ ಹಾಳೆ ಕಾಣಿಸುತ್ತದೆ. ಹಿಂಬದಿಯಲ್ಲಿ ನೆಕ್ (ಗಿಟಾರಿನ ಉದ್ದನೆಯ ಕತ್ತು) ಕೂಡುವ ಜಾಗದ ತಗಡಿನ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು ಅಚ್ಚಾಗಿದೆ. ತಲೆಯ ಭಾಗದಲ್ಲಿ ಹೆಸರಿನ ಬಿಲ್ಲೆ ಇಲ್ಲ, ಎರಡು ಸಣ್ಣ ತೂತುಗಳು ಮಾತ್ರ ಉಳಿದಿವೆ. ಆಂಪ್ಲಿಫೈಯರ್ ಎಂದರೆ ಬೂದು ರೆಕ್ಸಿನ್ ಹೊದಿಸಿದ ಪ್ಲೈವುಡ್ ಪೆಟ್ಟಿಗೆ, ಎಂಟು ಇಂಚಿನ ಸ್ಪೀಕರ್, ಎರಡು ಪಿನ್ನಿನ ಪ್ಲಗ್, ಒಳಗೆ ಮೂರು ವಾಲ್ವುಗಳು (ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆಗಳು). ಒಂದರ ಮೇಲೆ ಯುಸಿಎಲ್ 82, ಇನ್ನೊಂದರ ಮೇಲೆ ಯುವೈ 85 ಎಂದಿದೆ. ಮೂರನೆಯದರ ಬರಹ ಅಳಿಸಿಹೋಗಿದೆ.

ಗಿಟಾರನ್ನು ಯಾರು ಮಾಡಿದರೆಂದು ತಿಳಿಯುವುದು ಹೇಗೆ? ನಗರದ ವಾದ್ಯದಂಗಡಿಯೊಂದರಲ್ಲಿ ಪಿಕಪ್‌ಗಳನ್ನು ತೆಗೆದು ಹೊಸವನ್ನು ಕೂಡಿಸಿ, ಮೈಗೆ ಹೊಸ ಬಣ್ಣ ಹೊಡೆಸಿರೆಂದು ಹೇಳಿದರು. ಅದು ಸರಿಯೇ? ಆಂಪ್ಲಿಫೈಯರಿಗೆ ಒಮ್ಮೆ ಕರೆಂಟು ಕೊಟ್ಟು ನೋಡಬಹುದೇ?

ಬೆಸುಗೆ, ವಿಜಯಪುರ

ಸರ್, ನೀವು ಕೊನೆಗೆ ಕೇಳಿದ ಪ್ರಶ್ನೆಗೆ ನಾನು ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ದಯವಿಟ್ಟು ಆ ಪೆಟ್ಟಿಗೆಗೆ ಕರೆಂಟು ಕೊಡಬೇಡಿ. ನಲವತ್ತು ವರ್ಷ ರೇಡಿಯೋ ರಿಪೇರಿಯಲ್ಲಿ ಕಳೆದವನಾಗಿ ಹೇಳುತ್ತಿದ್ದೇನೆ: ನೀವು ಬರೆದ ಎರಡು ವಾಲ್ವುಗಳ ಹೆಸರೇ ನನ್ನನ್ನು ಹೆದರಿಸಲು ಸಾಕು.

ಯುರೋಪಿನ ಪದ್ಧತಿಯಲ್ಲಿ ವಾಲ್ವಿನ ಹೆಸರಿನ ಮೊದಲ ಅಕ್ಷರವು ಅದರ ಹೀಟರಿಗೆ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಗೆ) ಯಾವ ಬಗೆಯ ಪೂರೈಕೆ ಬೇಕೆಂಬುದನ್ನು ತಿಳಿಸುತ್ತದೆ. ಇಸಿಸಿ 83, ಇಎಲ್ 84 ಎಂಬಂತೆ ‘ಇ’ಯಿಂದ ಆರಂಭವಾದರೆ ಅದು 6.3 ವೋಲ್ಟಿನ ಹೀಟರ್, ಮತ್ತು ಅಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಅದನ್ನು ಮನೆಯ ಕರೆಂಟಿನಿಂದ (ಮೇನ್ಸಿನಿಂದ) ಬೇರ್ಪಡಿಸುವ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ದಿಂದ ಆರಂಭವಾದರೆ ಅದು 100 ಮಿಲಿಆಂಪಿಯರಿನ ಸರಣಿಯ ವಾಲ್ವು, ಎಲ್ಲ ವಾಲ್ವುಗಳ ಹೀಟರುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಮಿಕ್ಕ ವೋಲ್ಟೇಜನ್ನು ದಪ್ಪ ರೆಸಿಸ್ಟರಿನಲ್ಲಿ ಇಳಿಸಿ, ನೇರವಾಗಿ ಮನೆಯ ಕರೆಂಟಿಗೆ ಜೋಡಿಸಿರುತ್ತಾರೆ. ಖರ್ಚು ಉಳಿಸಲು ಟ್ರಾನ್ಸ್‌ಫಾರ್ಮರನ್ನು ಬಿಟ್ಟ ಈ ಏರ್ಪಾಡಿನಲ್ಲಿ ಚಾಸಿಯ (ಭಾಗಗಳನ್ನು ಕೂಡಿಸಿದ ಲೋಹದ ಚೌಕಟ್ಟಿನ) ತಗಡಿಗೆ ಮೇನ್ಸಿನ ಒಂದು ತಂತಿ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ಒಂದು ಬದಿಯಿಂದ ಹಾಕಿದಾಗ ತಗಡು ನ್ಯೂಟ್ರಲ್ ಆಗಿರುತ್ತದೆ, ಇನ್ನೊಂದು ಬದಿಯಿಂದ ಹಾಕಿದಾಗ ಅದೇ ತಗಡಿನಲ್ಲಿ 230 ವೋಲ್ಟ್ ಹರಿಯುತ್ತದೆ.

ರೇಡಿಯೋದಲ್ಲಾದರೆ ಮರದ ಪೆಟ್ಟಿಗೆ, ಪ್ಲಾಸ್ಟಿಕ್ ಗುಂಡಿಗಳಿಂದ ಕೈ ತಗಡಿಗೆ ತಾಗುತ್ತಿರಲಿಲ್ಲ. ಗಿಟಾರಿನಲ್ಲಿ ಹಾಗಲ್ಲ. ಕೇಬಲ್ಲಿನ ಹೊರಜಾಲರಿ ಚಾಸಿಗೆ ಸೇರುತ್ತದೆ, ಅದೇ ಜಾಲರಿ ಗಿಟಾರಿನ ಮೈ ಮೇಲೆ ತಂತಿಗಳನ್ನು ಹೊತ್ತ ಬ್ರಿಜ್ಜಿಗೆ, ಬ್ರಿಜ್ಜಿನಿಂದ ತಂತಿಗಳಿಗೆ ಸೇರಿರುತ್ತದೆ. ವಾದಕನು ಎರಡೂ ಕೈಗಳಿಂದ ಹಿಡಿಯುವುದು ಆ ತಂತಿಗಳನ್ನೇ. ನಾನು ಹುಡುಗನಿದ್ದಾಗ ಜಾತ್ರೆಯೊಂದರ ವೇದಿಕೆಯಲ್ಲಿ ಗಿಟಾರ್ ಹಿಡಿದಿದ್ದವರು ಮೈಕಿಗೆ ತುಟಿ ತಾಗಿಸಿದ ಕೂಡಲೇ ಹಿಂದಕ್ಕೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಬದುಕಿದರು, ಆದರೆ ಮುಂದೆಂದೂ ಗಿಟಾರ್ ಮುಟ್ಟಲಿಲ್ಲ.

ನನ್ನ ಊಹೆಯಂತೆ ಅದು ಗಿಟಾರಿಗಾಗಿ ಹುಟ್ಟಿದ ಆಂಪ್ಲಿಫೈಯರ್ ಅಲ್ಲ. ಯುಸಿಎಲ್ 82, ಯುವೈ 85 ಜೋಡಿಯನ್ನು ರೆಕಾರ್ಡ್ ಪ್ಲೇಯರುಗಳಲ್ಲಿ ಬಳಸುತ್ತಿದ್ದರು. ಯಾರೋ ಜಾಣ ಮೆಕ್ಯಾನಿಕ್ ಅದನ್ನು ತೆಗೆದು, ಗಿಟಾರಿನ ಸಣ್ಣ ಸಿಗ್ನಲ್ಲಿಗಾಗಿ ಮೂರನೆಯ ವಾಲ್ವನ್ನು ಸೇರಿಸಿ, ಪೆಟ್ಟಿಗೆ ಕಟ್ಟಿಕೊಟ್ಟಿರಬೇಕು. ಹೊರದೇಶದ ಆಂಪ್ಲಿಫೈಯರ್ ಕೊಳ್ಳುವುದು ಕನಸಾಗಿದ್ದ ಆ ದಿನಗಳಲ್ಲಿ ನಮ್ಮ ರೇಡಿಯೋ ಅಂಗಡಿಗಳಲ್ಲಿ ಇಂಥ ಕೆಲಸ ನಡೆಯುತ್ತಿತ್ತು. ಆದ್ದರಿಂದ ಅದನ್ನು ಕಡೆಗಣಿಸಬೇಡಿ; ಕಂಪನಿಯ ಮಾಲಿಗಿಂತ ಅದು ಅಪರೂಪದ್ದು.

ಅದನ್ನು ನುಡಿಸಲೇಬೇಕೆಂದರೆ ವೋಲ್ಟೇಜನ್ನು ಬದಲಿಸದೆ ಪೆಟ್ಟಿಗೆಯನ್ನು ಮೇನ್ಸಿನಿಂದ ಬೇರ್ಪಡಿಸುವ 230ರಿಂದ 230 ವೋಲ್ಟಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯೊಳಗೇ ಕೂಡಿಸಿ, ಮೂರು ಪಿನ್ನಿನ ವೈರ್ ಹಾಕಿ, ಚಾಸಿಗೆ ಅರ್ಥಿಂಗ್ ಕೊಡಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಅರ್ಥಿಂಗ್ ಕೊಟ್ಟರೆ ಫ್ಯೂಸ್ ಹಾರುತ್ತದೆ, ಅಥವಾ ಅದಕ್ಕಿಂತ ಕೆಟ್ಟದ್ದು ಆಗುತ್ತದೆ. ಐವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಳಗೆ ಒಣಗಿರುತ್ತವೆ, ಅವನ್ನು ಬದಲಿಸಲೇಬೇಕು. ಹಳೆಯವನ್ನು ಎಸೆಯದೆ ಒಂದು ಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗೆ ಇಡಿ. ಮೊದಲ ಸಲ ಕರೆಂಟು ಕೊಡುವಾಗ 100 ವ್ಯಾಟಿನ ಹಳೆಯ ಬಲ್ಬನ್ನು ಸೀರೀಸಿನಲ್ಲಿ ಹಾಕಬೇಕು. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಸ್ಪೀಕರ್ ಕಳಚಿಟ್ಟು ಯಾವ ವಾಲ್ವ್ ಸೆಟ್ಟನ್ನೂ ಚಾಲೂ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಈ ಕೆಲಸವನ್ನು ವಾಲ್ವ್ ಸೆಟ್ಟುಗಳ ಅನುಭವವಿರುವವರಿಂದಲೇ ಮಾಡಿಸಿ, ನೀವಾಗಿ ಕೈ ಹಾಕಬೇಡಿ.

ಘಟಪ್ರಭಾ ತೀರ, ಬಾಗಲಕೋಟೆ

ವಿಜಯಪುರದ ಅಣ್ಣನವರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ, ಆದ್ದರಿಂದ ಗಿಟಾರಿನ ಬಗ್ಗೆ ಬರೆಯುತ್ತೇನೆ.

ಅದು 1960ರ ದಶಕದ ಜಪಾನಿನ ಗಿಟಾರ್. ಗೀರಿನ ತಗಡು, ಬಂಗಾರದ ಹಾಳೆಯ ಪಿಕಪ್, ನೆಕ್ಕಿನ ತಗಡಿನ ಮೇಲಿನ ಬರಹ, ಈ ಮೂರೂ ಒಟ್ಟಿಗೆ ಇದ್ದರೆ ಬೇರೆ ದೇಶವನ್ನು ಹುಡುಕಬೇಕಾಗಿಲ್ಲ. 1964ರಲ್ಲಿ ಬೀಟಲ್ಸ್ ತಂಡ ಅಮೆರಿಕಕ್ಕೆ ಕಾಲಿಟ್ಟ ಮೇಲೆ ಅಲ್ಲಿನ ಪ್ರತಿ ಹುಡುಗನಿಗೂ ಎಲೆಕ್ಟ್ರಿಕ್ ಗಿಟಾರ್ ಬೇಕಾಯಿತು. 1965ರಲ್ಲಿ ಅಮೆರಿಕದ ಗಿಟಾರ್ ವಾದ್ಯತಂಡವಾದ ವೆಂಚರ್ಸ್ ಜಪಾನಿನಲ್ಲಿ ಸಂಚಾರ ಮಾಡಿದಾಗ ಜಪಾನಿನ ಹುಡುಗರಿಗೂ ಅದೇ ಹುಚ್ಚು ಹಿಡಿಯಿತು. ಈ ಬೇಡಿಕೆಯನ್ನು ಪೂರೈಸಿದ ಕಾರ್ಖಾನೆಗಳಲ್ಲಿ ಟೈಸ್ಕೊ ಪ್ರಮುಖವಾದದ್ದು. 1946ರಲ್ಲಿ ಟೋಕಿಯೋದಲ್ಲಿ ಆರಂಭವಾದ ಆ ಕಂಪನಿಯನ್ನು 1967ರಲ್ಲಿ ಪಿಯಾನೋ ತಯಾರಿಸುವ ಕವಾಯ್ ಕಂಪನಿ ಕೊಂಡುಕೊಂಡಿತು. ನೀವು ವಿವರಿಸಿದ ಗಿಟಾರ್ ಟೈಸ್ಕೊ ಕುಟುಂಬದ ಲಕ್ಷಣಗಳನ್ನು ಹೊತ್ತಿದೆ.

ಆದರೆ ಬಿಲ್ಲೆಯ ಮೇಲೆ ‘ಟೈಸ್ಕೊ’ ಎಂದೇ ಇತ್ತು ಎಂದು ತಿಳಿಯಬೇಡಿ. ಆಗ ಕಾರ್ಖಾನೆಗಳು ಕೊಳ್ಳುವ ವ್ಯಾಪಾರಿ ಕೇಳಿದ ಹೆಸರನ್ನು ತಲೆಗೆ ಅಂಟಿಸಿ ಕಳಿಸುತ್ತಿದ್ದವು. ಅಮೆರಿಕದಲ್ಲಿ ಸಿಯರ್ಸ್ ಮಳಿಗೆಯವರು ಹಲವು ಕಾರ್ಖಾನೆಗಳ ಮಾಲನ್ನು ಸಿಲ್ವರ್‌ಟೋನ್ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಿದ್ದರು, ಮಾಂಟ್ಗೊಮೆರಿ ವಾರ್ಡ್ ಮಳಿಗೆಯವರು ಏರ್‌ಲೈನ್ ಎಂಬ ಹೆಸರನ್ನು ಬಳಸುತ್ತಿದ್ದರು. ಹಾಗಾಗಿ ಹೆಸರಿಗಿಂತ ಮೈಯೊಳಗಿನ ಗುರುತುಗಳೇ ಹೆಚ್ಚು ನಂಬಿಗಸ್ತ. ಅಮೆರಿಕದ ಗಿಟಾರಾಗಿದ್ದರೆ ವಾಲ್ಯೂಮ್ ಪಾಟಿನ (ದನಿ ಏರಿಳಿಸುವ ಗುಂಡಿಯ ಕೆಳಗಿನ ಭಾಗದ) ಬೆನ್ನ ಮೇಲಿನ ಅಂಕಿಯಿಂದ ವರ್ಷ ಹಿಡಿಯಬಹುದು: 1376518 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಸಂಖ್ಯೆ, ಉಳಿದದ್ದು 1965ರ 18ನೆಯ ವಾರ. ಜಪಾನಿನವುಗಳಲ್ಲಿ ಈ ಅನುಕೂಲವಿಲ್ಲ. ನೆಕ್ ಕೂಡುವ ಕುಳಿಯೊಳಗೆ, ಲೋಹದ ತಗಡಿನ ಹಿಂಬದಿಯಲ್ಲಿ ಪೆನ್ಸಿಲಿನ ಬರಹ ಅಥವಾ ರಬ್ಬರ್ ಮುದ್ರೆ ಇದೆಯೇ ನೋಡಿ.

ತಲೆಯ ಮೇಲಿನ ಎರಡು ತೂತುಗಳ ಸುತ್ತಲಿನ ಬಣ್ಣವನ್ನು ಮಾತ್ರ ಒರೆಸಬೇಡಿ. ಸಂಜೆಯ ಹೊತ್ತು ದೀಪ ಆರಿಸಿ, ಬ್ಯಾಟರಿಯ ಬೆಳಕನ್ನು ಪಕ್ಕದಿಂದ, ಮರದ ಮಟ್ಟಕ್ಕೇ ಹಿಡಿದು ನೋಡಿ. ಬಿಲ್ಲೆ ಮುಚ್ಚಿದ್ದ ಜಾಗಕ್ಕೆ ಬಿಸಿಲು, ಬೆವರು ತಾಗಿರುವುದಿಲ್ಲವಾದ್ದರಿಂದ ಅದರ ಆಕಾರ ಗಾಢವಾಗಿ ಉಳಿದಿರುತ್ತದೆ. ನನ್ನ ಒಂದು ಗಿಟಾರಿನ ಹೆಸರು ಸಿಕ್ಕಿದ್ದು ಹೀಗೆಯೇ. ಹೊಸ ಬಣ್ಣ ಹೊಡೆಸಿದರೆ ಈ ನೆರಳು ಶಾಶ್ವತವಾಗಿ ಹೋಗುತ್ತದೆ. ಬೆಲೆ ಇಳಿಯುತ್ತದೆ ಎಂಬುದು ಎರಡನೆಯ ಮಾತು.

ಪಿಕಪ್ ತೆಗೆಸಿ ಎಂದವರ ಸಲಹೆಯನ್ನು ಖಂಡಿತ ಕೇಳಬೇಡಿ. ಒಂದು ಕಾಲದಲ್ಲಿ ಅಗ್ಗದ ಮಾಲು ಎಂದು ಬಿಸಾಡುತ್ತಿದ್ದ ಈ ಬಂಗಾರದ ಹಾಳೆಯ ಪಿಕಪ್‌ಗಳಿಗಾಗಿ ಇಂದು ಜನ ಹುಡುಕಾಡುತ್ತಾರೆ. ನಮ್ಮ ವಿಶ್ವಮೋಹನ ಭಟ್ಟರೊಂದಿಗೆ ಬಾರಿಸಿ ಗ್ರ್ಯಾಮಿ ಪ್ರಶಸ್ತಿ ಹಂಚಿಕೊಂಡ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರು ತಮ್ಮ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನ ಮೂಲ ಪಿಕಪ್ಪನ್ನು ತೆಗೆದು ಟೈಸ್ಕೊದ ಇಂಥದೇ ಪಿಕಪ್ಪನ್ನು ಹಾಕಿಕೊಂಡವರು. ಸ್ಲೈಡ್ (ತಂತಿಗಳ ಮೇಲೆ ಕೊಳವೆ ಜಾರಿಸುವ ಬಗೆ) ಬಾರಿಸುವವರಿಗೆ ಆ ದನಿ ತುಂಬ ಇಷ್ಟ.

ಇನ್ನು ತಂತಿ. ‘ಸ್ಟೀಲ್ ರೀಇನ್‌ಫೋರ್ಸ್ಡ್’ ಎಂದರೆ ನೆಕ್ಕಿನೊಳಗೆ ಉಕ್ಕಿನ ಪಟ್ಟಿ ಇದೆ ಎಂದಷ್ಟೇ, ಅದನ್ನು ತಿರುಗಿಸಿ ಬಾಗು ಸರಿಪಡಿಸಬಹುದು ಎಂದಲ್ಲ. ಆದ್ದರಿಂದ ದಪ್ಪ ತಂತಿ ಕಟ್ಟಬೇಡಿ, 9 ಅಥವಾ 10ರ ಅಳತೆಯ ತೆಳು ತಂತಿಗಳ ಸೆಟ್ ಸಾಕು, ಅದನ್ನೂ ಎರಡು ಮೂರು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಶ್ರುತಿಗೆ ಏರಿಸಿ. ನಿಮ್ಮ ಊರಿನ ಮಳೆಗಾಲದ ತಂಪಿನಲ್ಲಿ ಮರ ಉಬ್ಬಿರುತ್ತದೆ. ನಾನು ಒಮ್ಮೆ ಆಗಸ್ಟಿನಲ್ಲಿ ಬೆಳಗಾವಿಯಿಂದ ಗಿಟಾರ್ ತಂದು ಗೋಡೆಗೆ ತೂಗುಹಾಕಿದ್ದೆ. ಏಪ್ರಿಲ್ ಬರುವಷ್ಟರಲ್ಲಿ ನಮ್ಮ ಬಿಸಿಲಿಗೆ ಮರ ಕುಗ್ಗಿ, ನೆಕ್ಕಿನ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್ಟುಗಳ ತುದಿಗಳು ಗರಗಸದ ಹಲ್ಲಿನಂತೆ ಹೊರಬಂದು ನನ್ನ ಅಂಗೈ ಗೀರಿದ್ದವು.

ಕ್ಯಾಂಪ್ ವಾಸಿ, ಬೆಳಗಾವಿ

ಮೇಲಿನ ಇಬ್ಬರೂ ತಿಳಿದವರು. ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕಾರ್ಖಾನೆಯಿಂದ ಬಂದ ಸ್ಥಿತಿಯೇ ಮೂಲ, ಅನಂತರದ್ದೆಲ್ಲ ಕೆಡುಕು ಎಂಬ ನಂಬಿಕೆ ನಮ್ಮ ಹವ್ಯಾಸಿಗಳಲ್ಲಿ ಬೇರೂರಿದೆ. ಹಾಗೆ ನೋಡಿದರೆ ಈ ಗಿಟಾರ್ ಜಪಾನಿನಲ್ಲಿ ಕಳೆದದ್ದು ಕೆಲವು ತಿಂಗಳು ಮಾತ್ರ, ನಮ್ಮಲ್ಲಿ ಕಳೆದದ್ದು ಐವತ್ತು ವರ್ಷಕ್ಕೂ ಹೆಚ್ಚು. ಇಲ್ಲಿ ಬಿದ್ದ ಗಾಯ, ಇಲ್ಲಿ ಆದ ರಿಪೇರಿ, ಇವೂ ಅದರ ಚರಿತ್ರೆಯೇ.

ಆದ್ದರಿಂದ ಗಿಟಾರನ್ನು ಬಿಚ್ಚುವ ಮೊದಲು ಆ ಹಿರಿಯರ ಮನೆಗೆ ಇನ್ನೊಮ್ಮೆ ಹೋಗಿ. ಯಾವ ಮೇಳ, ಯಾವ ಊರು, ಯಾವ ಹಾಡುಗಳು, ತಂತಿ ಎಲ್ಲಿ ಸಿಗುತ್ತಿತ್ತು, ಪೆಟ್ಟಿಗೆಯನ್ನು ಕಟ್ಟಿಕೊಟ್ಟವರು ಯಾರು ಎಂದು ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ತಂದೆ ಹವಾಯಿಯನ್ ಗಿಟಾರ್ ಬಾರಿಸುತ್ತಿದ್ದರು. ವ್ಯಾನ್ ಶಿಪ್ಲಿಯವರು ಸಿನಿಮಾ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ರೆಕಾರ್ಡುಗಳನ್ನು ಹಾಕಿಕೊಂಡು ಕಲಿತರು, ಪ್ರತಿ ವರ್ಷ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುತ್ತಿದ್ದ ನಾಟಕ ಕಂಪನಿಗಳಿಗೆ ಹೋಗಿ ಬಾರಿಸಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ವಾದ್ಯ ನನ್ನ ಕೈಗೆ ಬಂತು. ಯಾವ ನಾಟಕಕ್ಕೆ ಯಾವ ಹಾಡು ಬಾರಿಸಿದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಲು ಯಾರೂ ಇಲ್ಲ.

ಹಳೇತಂತಿ, ಬೆಳಗಾವಿ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಮಾಡಬೇಕೆಂದುಕೊಂಡೆ.

ಆಂಪ್ಲಿಫೈಯರಿನ ಪ್ಲಗ್ಗನ್ನು ಕತ್ತರಿಸದೆ, ಬಟ್ಟೆಯಲ್ಲಿ ಸುತ್ತಿ ಕಟ್ಟಿ, ‘ಕರೆಂಟು ಕೊಡಬಾರದು’ ಎಂದು ಚೀಟಿ ಅಂಟಿಸಿದ್ದೇನೆ. ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲವೇ ಇಲ್ಲ; ಇರುವುದು ಸ್ಪೀಕರಿಗೆ ಹೋಗುವ ಸಣ್ಣದೊಂದೇ. ಹಿರಿಯರನ್ನು ಕೇಳಿದಾಗ, ಪೆಟ್ಟಿಗೆಯನ್ನು ಕಟ್ಟಿದ್ದು ಖಡೇಬಜಾರಿನ ಹತ್ತಿರ ಆಗ ಇದ್ದ ಒಂದು ರೇಡಿಯೋ ಅಂಗಡಿಯಲ್ಲಿ ಎಂದರು. "ಬಾರಸೂಮುಂದ ಚಪ್ಪಲಿ ಬಿಡತಿದ್ದಿಲ್ಲ, ಬಿಟ್ಟರ ಝುಂ ಅನ್ನೂದು" ಎಂದು ಅವರು ಸಹಜವಾಗಿ ಹೇಳಿದಾಗ ನನ್ನ ಮೈ ಜುಮ್ಮೆಂದಿತು. ವಿಜಯಪುರದ ಅಣ್ಣನವರು ವಿವರಿಸಿದ್ದು ಅದನ್ನೇ.

ಗಿಟಾರಿನ ಲೋಹದ ತಗಡನ್ನು ನಿನ್ನೆ ಬಿಚ್ಚಿದೆ. ಹನ್ನೊಂದು ಸ್ಕ್ರೂಗಳಲ್ಲಿ ಎರಡು ಬೇರೆ ಜಾತಿಯವು, ಅವುಗಳ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿಟ್ಟಿದ್ದೇನೆ. ಮರದ ಕುಳಿಯ ಒಳಮೈಗೆ ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದವನ್ನು ತುಂಡುತುಂಡಾಗಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಹಾಗೆ ಅಂಟಿಸಿದ್ದಾರೆ. ಹೊಳೆಯುವ ಮೈ ಹೊರಗಿದೆ. ಅದರ ಒಂದು ತುದಿಯ ಮೇಲೆ ಬರಿಯ ತಾಮ್ರದ ತಂತಿಯನ್ನು ಸಣ್ಣ ಮೊಳೆಯಿಂದ ಬಡಿದು, ಇನ್ನೊಂದು ತುದಿಯನ್ನು ವಾಲ್ಯೂಮ್ ಪಾಟಿನ ಬೆನ್ನಿಗೆ ಬೆಸೆದಿದ್ದಾರೆ. ಇದು ಯಾರ ಕೆಲಸವೆಂದು ಹಿರಿಯರಿಗೆ ಗೊತ್ತಿಲ್ಲ, ಅವರು ಆ ತಗಡನ್ನು ಎಂದೂ ಬಿಚ್ಚಿಲ್ಲ. ಹಾಗಾದರೆ ಮುಂಬೈಯಲ್ಲಿ ಅವರಿಗಿಂತ ಮೊದಲು ಬಾರಿಸಿದವರದೇ ಇರಬೇಕು.

ಬಿಲ್ಲೆಯ ನೆರಳು ಬ್ಯಾಟರಿಯ ಬೆಳಕಿನಲ್ಲಿ ಕಂಡಿತು: ಎಡಕ್ಕೆ ಅಗಲ, ಬಲಕ್ಕೆ ಚೂಪು. ಅಕ್ಷರಗಳು ಕಾಣಲಿಲ್ಲ. ಮೀಟರಿನಲ್ಲಿ ಬ್ರಿಜ್ಜಿನ ಬಳಿಯ ಪಿಕಪ್ 5.8 ಕಿಲೋ ಓಮ್ ರೋಧ ತೋರಿಸುತ್ತದೆ, ನೆಕ್ಕಿನ ಬಳಿಯದು ಏನೂ ತೋರಿಸುತ್ತಿಲ್ಲ. ಆ ಬೆಳ್ಳಿ ಕಾಗದವನ್ನು ಕಿತ್ತು ತಾಮ್ರದ ಹೊಸ ಪಟ್ಟಿ ಹಾಕಬೇಕೇ? ಸತ್ತ ಪಿಕಪ್ಪಿಗೆ ಏನು ದಾರಿ?

ಬೆಸುಗೆ, ವಿಜಯಪುರ

ಬೆಳ್ಳಿ ಕಾಗದವನ್ನು ಕೀಳಬೇಡಿ. ಆ ಕೆಲಸ ಮಾಡಿದವರಿಗೆ ವಿದ್ಯೆ ಗೊತ್ತಿತ್ತು. ಸುತ್ತಲಿನ ಟ್ಯೂಬ್‌ಲೈಟು, ಮೋಟರುಗಳ ಗುಂಯ್ ಸದ್ದು ಪಿಕಪ್‌ನ ವೈರುಗಳಿಗೆ ತಾಗದಂತೆ ಲೋಹದ ಗೂಡು ಕಟ್ಟಿ, ಅದನ್ನು ಅರ್ಥಿಗೆ ಸೇರಿಸಿದ್ದಾರೆ. ಇಂದು ತಾಮ್ರದ ಪಟ್ಟಿಯಿಂದ ಮಾಡುವುದೂ ಅದನ್ನೇ. ಒಂದೇ ತೊಂದರೆ ಎಂದರೆ ಆ ಕಾಗದದ ಹಿಂಬದಿ ಕರೆಂಟು ಹರಿಸುವುದಿಲ್ಲವಾದ್ದರಿಂದ ಒಂದು ಹುರುಪೆಯಿಂದ ಇನ್ನೊಂದಕ್ಕೆ ಸಂಪರ್ಕ ಇರಲಿಕ್ಕಿಲ್ಲ. ಮೀಟರಿನ ಒಂದು ಕಡ್ಡಿಯನ್ನು ತಾಮ್ರದ ತಂತಿಗೆ, ಇನ್ನೊಂದನ್ನು ಪ್ರತಿ ತುಂಡಿಗೆ ಮೆಲ್ಲಗೆ ತಾಗಿಸಿ ನೋಡಿ. ಸಂಪರ್ಕವಿಲ್ಲದ ತುಂಡುಗಳ ಮೇಲೆ ಕೂದಲಿನಷ್ಟು ಸಣ್ಣ ತಂತಿಯನ್ನು ಹಾಯಿಸಿದರೆ ಸಾಕು.

ಸತ್ತ ಪಿಕಪ್ ಬಹಳ ಸಲ ಪೂರ್ತಿ ಸತ್ತಿರುವುದಿಲ್ಲ. ಸುರುಳಿಯ ತಂತಿ ತಲೆಗೂದಲಿಗಿಂತ ತೆಳು. ಅದು ಹೊರಗಿನ ದಪ್ಪ ವೈರಿಗೆ ಕೂಡುವ ಬೆಸುಗೆಯ ಬಳಿಯೇ ತೇವಕ್ಕೆ ಹಸಿರುಗಟ್ಟಿ ತುಂಡಾಗುತ್ತದೆ. ಭೂತಗನ್ನಡಿ ಹಿಡಿದು ಆ ಜಾಗವನ್ನು ನೋಡಿ. ಹಸಿರು ಚುಕ್ಕೆ ಕಂಡರೆ, ಸುರುಳಿಯ ಹೊರಗಿನ ತುದಿಯಿಂದ ಒಂದು ಸುತ್ತನ್ನು ಮಾತ್ರ ಬಿಡಿಸಿ ಮತ್ತೆ ಬೆಸೆಯಬಹುದು. ಕೈ ನಡುಗಬಾರದು, ಬೆಸುಗೆ ಕಬ್ಬಿಣ 25 ವ್ಯಾಟಿಗಿಂತ ದೊಡ್ಡದಿರಬಾರದು. ಧೈರ್ಯ ಸಾಲದಿದ್ದರೆ ಪಿಕಪ್ಪನ್ನೂ ಆ ಪೆಟ್ಟಿಗೆಯನ್ನೂ ತೆಗೆದುಕೊಂಡು ಒಂದು ದಿನ ವಿಜಯಪುರಕ್ಕೆ ಬನ್ನಿ. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದ ಹಳೆಯ ವಾಲ್ವುಗಳ ಒಂದು ಡಬ್ಬಿ ನನ್ನ ಹತ್ತಿರ ಇನ್ನೂ ಇದೆ. ಬರಹ ಅಳಿಸಿದ ಆ ಮೂರನೆಯ ವಾಲ್ವು ಯಾವುದೆಂದು ಇಬ್ಬರೂ ಕೂತು ಹುಡುಕೋಣ. ಸಾಧ್ಯವಾದರೆ ಆ ಹಿರಿಯರನ್ನೂ ಕರೆದುಕೊಂಡು ಬನ್ನಿ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಮೊದಲು ಅವರೇ ಬಾರಿಸಲಿ, ಚಪ್ಪಲಿ ಬಿಟ್ಟು.